ಗ್ಯಾಸ್ ಸೋರಿಕೆ: ಮೊದಲ ಹತ್ತು ನಿಮಿಷ ಮನೆಯವರದೇ

ಅಡುಗೆ ಗ್ಯಾಸ್ ಸೋರಿದರೆ ಏನು ಮಾಡಬೇಕೆಂದು ಕೇಳಿ ನೋಡಿ. ಸಿಲಿಂಡರಿನ ಜೊತೆ ಬರುವ ಪುಸ್ತಿಕೆಯೂ ವಿತರಕರ ಕಚೇರಿಯ ಗೋಡೆಬರಹವೂ ಕೊನೆಗೆ ಹೇಳುವುದು ಒಂದೇ ಮಾತು: ಮೆಕ್ಯಾನಿಕ್‌ನನ್ನು ಕರೆಯಿರಿ. ಮಾತು ತಪ್ಪಲ್ಲ, ಆದರೆ ಅದನ್ನು ಪೇಟೆಯ ಮನೆಯನ್ನು ಕಣ್ಣೆದುರು ಇಟ್ಟುಕೊಂಡು ಬರೆದದ್ದು. ಕುಕ್ಕೆಯ ಯಾತ್ರಿಕರು ಸುಬ್ರಹ್ಮಣ್ಯ ರೋಡ್ ಎಂಬ ರೈಲು ನಿಲ್ದಾಣದ ಹೆಸರಿನಲ್ಲಿ ಬಲ್ಲ ನೆಟ್ಟಣದಲ್ಲಿ ನಿಂತು ಅದೇ ಪ್ರಶ್ನೆ ಕೇಳಿದರೆ ಉತ್ತರ ಅಷ್ಟಕ್ಕೇ ಮುಗಿಯುವುದಿಲ್ಲ. ಪುತ್ತೂರು, ಸುಳ್ಯ ತಾಲ್ಲೂಕುಗಳಿಂದ ಊರುಗಳನ್ನು ಬಿಡಿಸಿ ಕಟ್ಟಿದ ಕಡಬ ತಾಲ್ಲೂಕಿನ ಈ ಅಂಚಿನಲ್ಲಿ, ಬಿಳಿನೆಲೆ, ಕೊಂಬಾರುಗಳ ಕಡೆ, ಮನೆಗಳು ಒತ್ತೊತ್ತಾಗಿ ಇಲ್ಲ. ಒಂದೊಂದು ಅಡಿಕೆ ತೋಟಕ್ಕೆ ಒಂದೊಂದು ಮನೆ, ಎರಡು ಮನೆಗಳ ನಡುವೆ ಗುಡ್ಡ, ಹೊಳೆ, ರಬ್ಬರ್ ತೋಟ. ಮಳೆಗಾಲದಲ್ಲಿ ಕರೆಂಟು ಹೋದರೆ ಮೊಬೈಲ್ ಟವರೂ ಸುಮ್ಮನಾಗುವುದುಂಟು. ಅಗ್ನಿಶಾಮಕ ವಾಹನ ಪುತ್ತೂರಿನಿಂದಲೋ ಸುಳ್ಯದಿಂದಲೋ ಘಟ್ಟದ ಬುಡದ ಅಂಕುಡೊಂಕು ರಸ್ತೆಯಲ್ಲಿ ಬರಬೇಕು. ಇಂಥಲ್ಲಿ ಸೋರಿಕೆಯ ಮೊದಲ ಹತ್ತು ನಿಮಿಷ ಮನೆಯವರ ಕೈಯಲ್ಲೇ ಇರುತ್ತದೆ, ಅದನ್ನು ಬೇರೆ ಯಾರಿಗೂ ವಹಿಸಿಕೊಡಲು ಬರುವುದಿಲ್ಲ. ಈ ಲೇಖನದ ವಾದ ಇಷ್ಟೇ: ಸೋರಿಕೆಯನ್ನು ಪತ್ತೆ ಮಾಡುವುದು ಮತ್ತು ತಡೆಯುವುದು ಮನೆಯವರ ವಿದ್ಯೆಯಾಗಬೇಕು, ದುರಸ್ತಿಯಲ್ಲಿ ಮನೆಯವರು ಎಲ್ಲಿ ಕೈ ನಿಲ್ಲಿಸಬೇಕು ಎಂಬ ಗೆರೆ ಸ್ಪಷ್ಟವಾಗಬೇಕು, ಮತ್ತು ಆ ಗೆರೆಯ ಆಚೆಯ ಕೆಲಸಕ್ಕೆ ಬೇಕಾದ ಕೈಯೂ ಬಿಡಿಭಾಗವೂ ಊರಿನಲ್ಲೇ ಸಿಗಬೇಕು.

ಮೊದಲು ಗ್ಯಾಸಿನ ಸ್ವಭಾವ ತಿಳಿಯಬೇಕು, ಏಕೆಂದರೆ ಮುಂದಿನ ಎಲ್ಲ ಎಚ್ಚರಿಕೆಗಳೂ ಅದರಿಂದಲೇ ಹುಟ್ಟುತ್ತವೆ. ಮನೆಗೆ ಬರುವ 14.2 ಕಿಲೋ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಒತ್ತಡದಲ್ಲಿ ದ್ರವವಾಗಿರುವ ಅದು ಹೊರಬಂದಾಗ ಸುಮಾರು 250 ಪಟ್ಟು ಹಿಗ್ಗಿ ಅನಿಲವಾಗುತ್ತದೆ. ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ ಎರಡರ ಆಸುಪಾಸಿಗೆ ಬಂದರೆ ಕಿಡಿಗೆ ಕಾಯುವ ಸ್ಥಿತಿ, ಒಂಬತ್ತನ್ನು ದಾಟಿದರೆ ಗಾಳಿ ಸಾಲದೆ ಹೊತ್ತಿಕೊಳ್ಳುವುದಿಲ್ಲ. ಈ ಅಂಕಿಗಳನ್ನು ಮನೆಯ ಅಳತೆಗೆ ತಂದು ನೋಡೋಣ. ಎಂಟಡಿಗೆ ಹತ್ತಡಿ, ಎತ್ತರ ಹತ್ತಡಿ ಇರುವ ಮುಚ್ಚಿದ ಅಡುಗೆಕೋಣೆಯ ತುಂಬ ಗ್ಯಾಸು ಸಮನಾಗಿ ಬೆರೆತರೆ ಅಪಾಯದ ಮಟ್ಟಕ್ಕೆ ಬರಲು ಒಂದು ಕಿಲೋದಷ್ಟು ಸಾಕು. ಆದರೆ ಅದು ಸಮನಾಗಿ ಬೆರೆಯುವುದಿಲ್ಲ, ಕೆಳಗೆ ಇಳಿದು ನೆಲದ ಮೇಲೆ ಹರಡುತ್ತದೆ. ನೆಲದಿಂದ ಎರಡಡಿ ಎತ್ತರದವರೆಗಿನ ಪದರವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಇನ್ನೂರು ಗ್ರಾಮಿನೊಳಗೇ ಆ ಪದರ ಹೊತ್ತಿಕೊಳ್ಳುವ ಮಟ್ಟ ಮುಟ್ಟುತ್ತದೆ. ತುಂಬಿದ ಸಿಲಿಂಡರಿನ ಎಪ್ಪತ್ತನೆಯ ಒಂದು ಪಾಲು ಅದು. ನಿಂತವರ ಮೂಗಿಗೆ ವಾಸನೆ ಸಣ್ಣದಾಗಿ ತಾಗುವಾಗಲೇ ಅವರ ಕಾಲ ಬಳಿ ಗ್ಯಾಸು ದಟ್ಟವಾಗಿರಬಹುದು ಎಂಬುದು ಈ ಲೆಕ್ಕದ ನಿಜವಾದ ಅರ್ಥ.

ಈ ಭಾರದ ಗುಣ ಎಷ್ಟು ಕ್ರೂರವಾಗಬಲ್ಲದು ಎಂಬುದನ್ನು ನಮ್ಮ ಜಿಲ್ಲೆ ಕಂಡಿದೆ. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿಯ ಹತ್ತಿರದ ಪೆರ್ನೆಯಲ್ಲಿ, ಮಂಗಳೂರು–ಬೆಂಗಳೂರು ಹೆದ್ದಾರಿಯಲ್ಲಿ, ಗ್ಯಾಸ್ ಟ್ಯಾಂಕರ್ ಮಗುಚಿತು. ಹೊರಬಿದ್ದ ಗ್ಯಾಸು ಹೊತ್ತಿಕೊಂಡು ರಸ್ತೆ ಬದಿಯ ಮನೆಗಳು ಸುಟ್ಟವು, ಅಪಘಾತದ ಜೊತೆ ಯಾವ ಸಂಬಂಧವೂ ಇಲ್ಲದ ಜನ ತಮ್ಮ ಮನೆಯ ಆಸುಪಾಸಿನಲ್ಲೇ ಸತ್ತರು. ಅದಕ್ಕೂ ಸುಮಾರು ಏಳೂವರೆ ತಿಂಗಳ ಹಿಂದೆ, 2012ರ ಆಗಸ್ಟ್ 27ರಂದು, ಕೇರಳದ ಕಣ್ಣೂರಿನ ಚಾಲದಲ್ಲೂ ಹೀಗೇ ಆಗಿತ್ತು. ಟ್ಯಾಂಕರಿನ ದುರಂತವನ್ನು ಅಡುಗೆಮನೆಯ ಸೋರಿಕೆಗೆ ಹೋಲಿಸುವುದು ಅತಿಯಾಯಿತು ಎನ್ನಬಹುದು. ಪ್ರಮಾಣ ಬೇರೆ ನಿಜ, ಭೌತಶಾಸ್ತ್ರ ಒಂದೇ. ಗ್ಯಾಸು ತಗ್ಗನ್ನು ಹುಡುಕಿಕೊಂಡು ಹೋಗುತ್ತದೆ, ಬೆಂಕಿ ಇರುವ ಜಾಗ ತಗ್ಗಿನಲ್ಲಿದ್ದರೆ ಅಲ್ಲಿಗೆ ತಲುಪುತ್ತದೆ, ಹೊತ್ತಿಕೊಂಡ ಮೇಲೆ ಜ್ವಾಲೆ ತಾನು ಬಂದ ದಾರಿಯಲ್ಲೇ ಹಿಂದಕ್ಕೆ ಓಡುತ್ತದೆ.

ಈಗ ನಮ್ಮ ಕಡೆಯ ಮನೆಯ ವಿನ್ಯಾಸವನ್ನು ಈ ಕಣ್ಣಿನಿಂದ ನೋಡಬೇಕು. ಹಳೆಯ ತೋಟದ ಮನೆಗಳಲ್ಲಿ ಅಡುಗೆಕೋಣೆಗೆ ಎತ್ತರದ ಹೊಸ್ತಿಲು, ಕಿಟಕಿ ಎದೆಮಟ್ಟದಲ್ಲಿ, ಪಕ್ಕದಲ್ಲೇ ಒಂದೆರಡು ಮೆಟ್ಟಿಲು ಇಳಿದರೆ ಬಚ್ಚಲು. ಬಚ್ಚಲಲ್ಲಿ ಹಂಡೆಯ ಒಲೆ. ಸೋಗೆ, ಅಡಿಕೆ ಹಾಳೆ, ತೆಂಗಿನ ಗರಿ ಹಾಕಿ ಬೆಳಿಗ್ಗೆ ಹೊತ್ತಿಸಿದ ಆ ಒಲೆಯಲ್ಲಿ ಕೆಂಡ ಸಂಜೆವರೆಗೂ ಆರುವುದಿಲ್ಲ. ಅನೇಕ ಮನೆಗಳಲ್ಲಿ ಗ್ಯಾಸ್ ಒಲೆಯ ಮಗ್ಗುಲಲ್ಲೇ ಸೌದೆ ಒಲೆಯೂ ಇದೆ; ಕುಚ್ಚಲಕ್ಕಿ ಬೇಯಿಸಲು ಈಗಲೂ ಅದೇ. ಹೊಸ್ತಿಲು ಗ್ಯಾಸನ್ನು ಕೋಣೆಯೊಳಗೇ ಕಟ್ಟಿ ನಿಲ್ಲಿಸುತ್ತದೆ, ಎದೆಮಟ್ಟದ ಕಿಟಕಿ ತೆರೆದಿದ್ದರೂ ನೆಲದ ಪದರ ಅಲುಗುವುದಿಲ್ಲ, ಮೋರಿಯ ತೂತು ಅದನ್ನು ಬಚ್ಚಲ ಕೆಂಡದತ್ತ ಸಾಗಿಸುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆಯಲ್ಲಿ ಆಷಾಢದ ದಿನಗಳಲ್ಲಿ ಕಿಟಕಿಯನ್ನೂ ಮುಚ್ಚಿರುತ್ತಾರೆ. ಹಾಗಾಗಿ ಇಲ್ಲಿ ಮಾಡಬೇಕಾದ ಮೊದಲ ದುರಸ್ತಿ ಗ್ಯಾಸಿನದಲ್ಲ, ಗೋಡೆಯದು. ಸಿಲಿಂಡರ್ ಇರುವ ಕೋಣೆಯ ಹೊರಗೋಡೆಗೆ, ನೆಲಕ್ಕೆ ತಾಗಿದಂತೆ, ಜಾಲರಿ ಹಾಕಿದ ಗಾಳಿಕಿಂಡಿ ಬೇಕು. ಬಚ್ಚಲಿಗೆ ಹೋಗುವ ಮೋರಿಗೆ ನೀರು ನಿಲ್ಲುವ ಬಾಗು ಬೇಕು. ಸಿಲಿಂಡರನ್ನು ಕಟ್ಟೆಯ ಕೆಳಗಿನ ಮುಚ್ಚಿದ ಕಪಾಟಿನಲ್ಲಿ ಇಡುವ ಹೊಸ ಮನೆಗಳ ರೂಢಿ ನೋಡಲು ಚೆಂದ, ಸೋರಿಕೆಯ ದೃಷ್ಟಿಯಿಂದ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ವಾಸನೆಯೇ ಹೇಳುತ್ತದಲ್ಲ, ಮತ್ತೇಕೆ ಇಷ್ಟು ಚಿಂತೆ ಎಂಬುದು ಮೊದಲ ಆಕ್ಷೇಪ. ಗ್ಯಾಸಿಗೆ ತನ್ನದೇ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ನಮಗೆ ಬರುವ ಕೊಳೆತ ವಾಸನೆ ಎಥಿಲ್ ಮರ್ಕ್ಯಾಪ್ಟಾನ್ ಎಂಬ ಗಂಧಕದ ಸಂಯುಕ್ತದ್ದು, ಅದನ್ನು ಬೇಕೆಂದೇ ಬೆರೆಸುತ್ತಾರೆ. ಹೀಗೆ ಬೆರೆಸುವುದು ಕಡ್ಡಾಯವಾಗಲು ದೊಡ್ಡ ಬೆಲೆ ತೆರಬೇಕಾಯಿತು. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲಮಾಳಿಗೆಯಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಸೇರಿಕೊಂಡು ಸ್ಫೋಟವಾಗಿ ಮುನ್ನೂರರ ಹತ್ತಿರ ಮಕ್ಕಳು, ಶಿಕ್ಷಕರು ಸತ್ತರು. ಆ ಬಳಿಕವೇ ವಾಸನೆ ಸೇರಿಸುವ ಕಾನೂನುಗಳು ಬಂದವು. ಹೊತ್ತಿಕೊಳ್ಳುವ ಕನಿಷ್ಠ ಮಟ್ಟದ ಐದನೆಯ ಒಂದು ಪಾಲಿನಲ್ಲೇ ಮೂಗಿಗೆ ತಿಳಿಯುವಷ್ಟು ವಾಸನೆ ಇರಬೇಕೆಂಬುದು ಇಂದಿನ ಮಾನದಂಡ. ಅಂದರೆ ಆರೋಗ್ಯವಂತ ಮೂಗು ಎಚ್ಚರವಾಗಿದ್ದು, ಅಲ್ಲೇ ಇದ್ದರೆ, ಸಾಕಷ್ಟು ಸಮಯ ಸಿಗುತ್ತದೆ. ಈ ಮೂರು ಷರತ್ತುಗಳಲ್ಲೇ ತೊಂದರೆ. ರಾತ್ರಿ ಮಲಗಿದವರಿಗೆ ವಾಸನೆ ಎಚ್ಚರ ಕೊಡುವುದಿಲ್ಲ. ವಯಸ್ಸಾದಂತೆ ಮೂಗಿನ ಶಕ್ತಿ ಕುಂದುತ್ತದೆ, ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋಗಿ ಹಿರಿಯರಿಬ್ಬರೇ ಉಳಿದ ಮನೆಗಳು ಈ ಭಾಗದಲ್ಲಿ ಎಷ್ಟಿವೆ ಎಂಬುದು ಎಲ್ಲರಿಗೂ ಗೊತ್ತು. ಕೋವಿಡ್ ಬಳಿಕ ವಾಸನೆ ಪೂರ್ತಿ ಮರಳದವರೂ ಇದ್ದಾರೆ. ಇದಕ್ಕಿಂತ ಮೋಸದ ಸಂಗತಿ ಎಂದರೆ ಮೂಗು ದಣಿಯುವುದು: ಅದೇ ವಾಸನೆಯಲ್ಲಿ ಕೆಲವು ನಿಮಿಷ ಇದ್ದವರಿಗೆ ಅದು ಕಡಿಮೆಯಾದಂತೆ ತೋರುತ್ತದೆ, ಗ್ಯಾಸು ಮಾತ್ರ ಹೆಚ್ಚುತ್ತಲೇ ಇರುತ್ತದೆ. ವಾಸನೆ ಹೋಯಿತು, ಸರಿಯಾಯಿತು ಎಂದುಕೊಂಡು ಒಲೆ ಹೊತ್ತಿಸುವುದು ಇಂಥ ಹೊತ್ತಿನಲ್ಲೇ. ಹೊರಗೆ ಹೋಗಿ ಐದು ನಿಮಿಷ ಶುದ್ಧ ಗಾಳಿ ಸೇವಿಸಿ ಮರಳಿದ ಮೂಗನ್ನು ನಂಬಬಹುದು, ಒಳಗೇ ಕುಳಿತ ಮೂಗನ್ನು ನಂಬಬಾರದು.

ಮೂಗು ಸೋರಿಕೆ ಇದೆ ಎನ್ನುತ್ತದೆ, ಎಲ್ಲಿ ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಸಾಬೂನಿನ ನೊರೆಗಿಂತ ಒಳ್ಳೆಯ ಸಾಧನ ಮನೆಯಲ್ಲಿ ಬೇರೆ ಇಲ್ಲ. ಪಾತ್ರೆ ತೊಳೆಯುವ ಸೋಪನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ರೆಗ್ಯುಲೇಟರ್ ಸಿಲಿಂಡರಿಗೆ ಕೂರುವ ಸಂದು, ಹೋಸು ರೆಗ್ಯುಲೇಟರಿಗೆ ಸೇರುವ ತುದಿ, ಹೋಸಿನ ಇಡೀ ಉದ್ದ, ಒಲೆಗೆ ಸೇರುವ ತುದಿ, ಒಲೆಯ ತಿರುಗಣೆಗಳ ಬುಡ, ಹೀಗೆ ಸಿಲಿಂಡರಿನಿಂದ ಒಲೆಯತ್ತ ಕ್ರಮವಾಗಿ ಹಚ್ಚುತ್ತಾ ಹೋಗಬೇಕು. ರೆಗ್ಯುಲೇಟರ್ ತೆರೆದಿರಬೇಕು, ಒಲೆಯ ತಿರುಗಣೆ ಮುಚ್ಚಿರಬೇಕು, ಕೋಣೆಯ ಬಾಗಿಲುಗಳು ತೆರೆದಿರಬೇಕು, ಸೌದೆ ಒಲೆ, ಬಚ್ಚಲ ಒಲೆ, ದೇವರ ದೀಪ ಎಲ್ಲ ಆರಿರಬೇಕು. ಗುಳ್ಳೆ ಎದ್ದು ದೊಡ್ಡದಾಗುವ ಜಾಗವೇ ಸೋರುವ ಜಾಗ. ಆದರೆ ಈ ಪರೀಕ್ಷೆಯ ಹೊತ್ತು ಯಾವುದೆಂಬುದು ಮುಖ್ಯ. ವಾಸನೆ ಕೋಣೆ ತುಂಬಿರುವಾಗ ನೊರೆ ಹಿಡಿದು ಹುಡುಕುತ್ತಾ ಕೂರಬಾರದು, ಆಗ ಗ್ಯಾಸು ನಿಲ್ಲಿಸಿ ಹೊರಬರುವುದೊಂದೇ ಕೆಲಸ. ನೊರೆಯ ಪರೀಕ್ಷೆ ಮಾಡಬೇಕಾದ್ದು ಏನೂ ಆಗದಿರುವಾಗ, ಪ್ರತಿ ಸಲ ಹೊಸ ಸಿಲಿಂಡರ್ ಜೋಡಿಸಿದ ಕೂಡಲೇ. ಬೆಂಕಿಕಡ್ಡಿ ಗೀರಿ ಸೋರಿಕೆ ನೋಡುವ ಅಭ್ಯಾಸ ಇಂದಿಗೂ ಪೂರ್ತಿ ಹೋಗಿಲ್ಲ. ಸಣ್ಣ ಸೋರಿಕೆಯಿದ್ದರೆ ನೀಲಿ ನಾಲಗೆ ಕಾಣುತ್ತದೆ ಎಂದು ಅದನ್ನು ಸಮರ್ಥಿಸುವವರಿದ್ದಾರೆ. ಸೋರಿಕೆ ಸಣ್ಣದು ಎಂಬುದು ಕಡ್ಡಿ ಗೀರುವ ಮೊದಲು ಯಾರಿಗೂ ಗೊತ್ತಿರುವುದಿಲ್ಲ, ಸಮರ್ಥನೆ ಬೀಳುವುದು ಅಲ್ಲೇ.

ಗುಳ್ಳೆ ಸಾಮಾನ್ಯವಾಗಿ ಏಳುವ ಜಾಗಗಳು ಮೂರ್ನಾಲ್ಕೇ. ಸಿಲಿಂಡರಿನ ವಾಲ್ವಿನ ಬಾಯೊಳಗೆ ಕಪ್ಪು ರಬ್ಬರಿನ ಚಿಕ್ಕ ಉಂಗುರವೊಂದಿದೆ, ನಾವು ವಾಷರ್ ಎನ್ನುವುದು ಅದನ್ನೇ. ಅದು ಸವೆದಿದ್ದರೆ, ಹರಿದಿದ್ದರೆ, ಇಲ್ಲವೇ ಇಲ್ಲದಿದ್ದರೆ ರೆಗ್ಯುಲೇಟರಿನ ಸುತ್ತ ಗ್ಯಾಸು ಹೊರಡುತ್ತದೆ. ಸಿಲಿಂಡರ್ ಇಳಿಸಿದ ಕ್ಷಣದಲ್ಲೇ ಮುಚ್ಚಳ ತೆಗೆಸಿ ಒಳಗೆ ನೋಡುವುದು, ತೂಕ ಹಾಕಿಸುವುದು, ಸೋರಿಕೆ ಪರೀಕ್ಷಿಸಿ ಕೊಡಿ ಎನ್ನುವುದು ಗ್ರಾಹಕರ ಹಕ್ಕು. ಸಿಲಿಂಡರಿನ ಹಿಡಿಕೆಯ ಪಟ್ಟಿಯ ಒಳಬದಿಯಲ್ಲಿ ಎ, ಬಿ, ಸಿ, ಡಿ ಎಂಬ ಇಂಗ್ಲಿಷ್ ಅಕ್ಷರಗಳಲ್ಲೊಂದು ಮತ್ತು ವರ್ಷದ ಎರಡು ಅಂಕಿ ಬರೆದಿರುತ್ತಾರೆ: ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರಿನಿಂದ ಡಿಸೆಂಬರ್, ಆ ಅವಧಿಯೊಳಗೆ ಸಿಲಿಂಡರ್ ಒತ್ತಡದ ಪರೀಕ್ಷೆಗೆ ಹೋಗಬೇಕು. ಗಡು ದಾಟಿದ್ದನ್ನು ತೆಗೆದುಕೊಳ್ಳಬೇಕಿಲ್ಲ. ಆದರೆ ನಮ್ಮ ಕಡೆ ಗ್ಯಾಸಿನ ವಾಹನ ಪ್ರತಿ ಮನೆಯ ಅಂಗಳಕ್ಕೂ ಬರುವುದಿಲ್ಲ. ರಸ್ತೆ ಬದಿಯಲ್ಲೋ ಅಂಗಡಿ ಮುಂದೆಯೋ ಇಳಿಸಿದ್ದನ್ನು ಜೀಪಿನಲ್ಲಿ, ರಿಕ್ಷಾದಲ್ಲಿ, ಕೆಲವೆಡೆ ಹೆಗಲ ಮೇಲೆ ಸಂಕ ದಾಟಿಸಿ ಒಯ್ಯಬೇಕು. ದೋಷ ಕಾಣುವ ಹೊತ್ತಿಗೆ ವಾಹನ ಮುಂದಿನ ಊರಿನಲ್ಲಿರುತ್ತದೆ. ಆದ್ದರಿಂದ ಇಲ್ಲಿಯವರು ಈ ಪರೀಕ್ಷೆಗಳನ್ನೆಲ್ಲ ರಸ್ತೆ ಬದಿಯಲ್ಲೇ ಮುಗಿಸಿಕೊಳ್ಳಬೇಕು.

ಹೋಸಿನ ವಿಷಯ ಇನ್ನೂ ಗಂಭೀರ. ಒಳಗೆ ಉಕ್ಕಿನ ತಂತಿಯ ಹೆಣಿಗೆ ಇರುವ ಕಿತ್ತಳೆ ಬಣ್ಣದ ಸುರಕ್ಷಾ ಹೋಸಿನ ಬಾಳಿಕೆ ಐದು ವರ್ಷ. ಉಜ್ವಲಾ ಯೋಜನೆ ಆರಂಭವಾದದ್ದು 2016ರ ಮೇ 1ರಂದು, ಅದರ ಬೆನ್ನಿಗೇ ಕರ್ನಾಟಕದ ಅನಿಲ ಭಾಗ್ಯ ಬಂತು. ಹೊಗೆಯ ಒಲೆಯ ಮುಂದೆ ಕೂತಿದ್ದ ಬಡ ಮನೆಗಳಿಗೆ ಒಲೆ, ರೆಗ್ಯುಲೇಟರ್, ಹೋಸು ಒಟ್ಟಿಗೇ ಸಿಕ್ಕವು. ದೊಡ್ಡ ಉಪಕಾರ ಅದು, ಅನುಮಾನವಿಲ್ಲ. ಆದರೆ ಲೆಕ್ಕ ನೋಡಿ: 2016ರಿಂದ 2018ರ ನಡುವೆ ಕೊಟ್ಟ ಹೋಸುಗಳ ಆಯುಷ್ಯ 2021ರಿಂದ 2023ರ ಹೊತ್ತಿಗೆ ಮುಗಿದಿದೆ. ಸಂಪರ್ಕ ಕೊಡುವುದಕ್ಕೆ ಯೋಜನೆ ಇತ್ತು, ಐದು ವರ್ಷದ ನಂತರ ಹೋಸು ಬದಲಿಸಿಕೊಡುವುದಕ್ಕೆ ಅಂಥದೇ ಯೋಜನೆ ಬರಲಿಲ್ಲ. ಇನ್ನೂರು ರೂಪಾಯಿಯ ಆಸುಪಾಸಿನ ವಸ್ತುವಿಗಾಗಿ ಕೂಲಿ ಬಿಟ್ಟು ಪೇಟೆಗೆ ಹೋಗಬೇಕಾದ ಮನೆಯಲ್ಲಿ ಅದು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಜೊತೆಗೆ ಅಡಿಕೆ, ತೆಂಗು, ಭತ್ತ ಇಟ್ಟ ಮನೆಯಲ್ಲಿ ಇಲಿ, ಹೆಗ್ಗಣ ತಪ್ಪಿದ್ದಲ್ಲ. ರಬ್ಬರ್ ಕಡಿಯುವುದು ಅವಕ್ಕೆ ರೂಢಿ. ಸುರಕ್ಷಾ ಹೋಸಿನ ತಂತಿ ಹೆಣಿಗೆ ಅದನ್ನು ತಡೆಯುತ್ತದೆ, ಅಂಗಡಿಯ ಅಗ್ಗದ ಹಸಿರು ಪೈಪು ತಡೆಯುವುದಿಲ್ಲ. ತೇವಕ್ಕೆ ಸಿಲಿಂಡರಿನ ಬುಡದ ಬಳೆ ತುಕ್ಕು ಹಿಡಿಯುತ್ತದೆ, ರೆಗ್ಯುಲೇಟರಿನೊಳಗೆ ಜಿರಳೆಯ ಮರಿ ಸೇರುವುದೂ ಉಂಟು.

ದುರಸ್ತಿ ಎಂಬ ಕೆಲಸದ ನಿಜ ಸ್ವರೂಪ ಇಲ್ಲೇ ತಿಳಿಯುವುದು. ತೋಟದ ಮನೆಯವರು ಪಂಪು, ಸ್ಪ್ರೇಯರ್, ಸ್ಪ್ರಿಂಕ್ಲರ್ ಎಲ್ಲವನ್ನೂ ಕೈಯಾರೆ ಸರಿಮಾಡಿಕೊಳ್ಳಬಲ್ಲವರು. ಆ ಜಾಣ್ಮೆಯನ್ನು ಗ್ಯಾಸಿಗೂ ಒಯ್ದರೆ ಅನಾಹುತ. ಸೀಳಿದ ಹೋಸಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತುವುದು, ಸಂದಿಗೆ ಎಂ-ಸೀಲ್ ಮೆತ್ತುವುದು, ವಾಲ್ವಿನ ಕಡ್ಡಿಯನ್ನು ಸೂಜಿಯಿಂದ ಒತ್ತಿ ನೋಡುವುದು, ರೆಗ್ಯುಲೇಟರ್ ಬಿಚ್ಚಿ ಸ್ಪ್ರಿಂಗ್ ಎಳೆಯುವುದು, ಇವು ಒಂದೂ ಸಲ್ಲ. ಸಿಲಿಂಡರಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಹಲವು ಪಟ್ಟು, ರೆಗ್ಯುಲೇಟರ್ ಅದನ್ನು ಒಲೆಗೆ ಬೇಕಾದ ಅತ್ಯಲ್ಪ ಮಟ್ಟಕ್ಕೆ ಇಳಿಸುತ್ತದೆ. ಬಿಚ್ಚಿ ಜೋಡಿಸಿದ ರೆಗ್ಯುಲೇಟರ್ ಆ ಕೆಲಸವನ್ನು ಸರಿಯಾಗಿ ಮಾಡುತ್ತದೆಂದು ಪರೀಕ್ಷಿಸುವ ಉಪಕರಣ ಮನೆಯಲ್ಲಿಲ್ಲ. ಮನೆಯ ಗ್ಯಾಸಿನ ಮಟ್ಟಿಗೆ ದುರಸ್ತಿ ಎಂದರೆ ಬದಲಾವಣೆ, ತೇಪೆ ಅಲ್ಲ. ಹೋಸು ಹಳೆಯದಾದರೆ ಐಎಸ್‌ಐ ಗುರುತಿನ ಹೊಸ ಹೋಸು, ರೆಗ್ಯುಲೇಟರ್ ಕೆಟ್ಟರೆ ವಿತರಕರಿಂದಲೇ ಇನ್ನೊಂದು ರೆಗ್ಯುಲೇಟರ್, ವಾಲ್ವ್ ಕೆಟ್ಟರೆ ಇನ್ನೊಂದು ಸಿಲಿಂಡರ್. ಹೋಸು ಬದಲಿಸುವುದನ್ನು ಒಮ್ಮೆ ಸರಿಯಾಗಿ ಕಲಿತವರು ಮಾಡಬಹುದು. ಮಾಡಿದ ಮೇಲೆ ನೊರೆಯ ಪರೀಕ್ಷೆ ತಪ್ಪಿಸಬಾರದು. ವಾಷರ್, ರೆಗ್ಯುಲೇಟರ್, ಒಲೆಯ ಒಳಗಿನ ನಳಿಕೆ ಇವು ಮೆಕ್ಯಾನಿಕ್‌ನವು. ಗೆರೆ ಇಷ್ಟು ಸರಳ.

ಹಾಗಾದರೆ ಆ ಹತ್ತು ನಿಮಿಷದಲ್ಲಿ ಮನೆಯವರು ಮಾಡಬೇಕಾದ್ದೇನು? ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು. ಕಿಡಿ ಎರಡರಲ್ಲೂ ಹಾರುತ್ತದೆ. ಫ್ಯಾನ್ ಹಾಕಿ ವಾಸನೆ ಓಡಿಸುವ ಯೋಚನೆ ಸಹಜ, ಅದೇ ಮಾರಕ. ಬೆಂಕಿ ಹತ್ತಿರವಿಲ್ಲದಿದ್ದರೆ ಒಲೆಯ ತಿರುಗಣೆ ಮುಚ್ಚಿ, ರೆಗ್ಯುಲೇಟರ್ ಮುಚ್ಚಿ, ಮಕ್ಕಳನ್ನೂ ಮುದುಕರನ್ನೂ ಮೊದಲು ಹೊರಗೆ ಕಳಿಸಿ, ಹೊರಬಾಗಿಲುಗಳನ್ನು ಅಗಲಕ್ಕೆ ತೆರೆಯಬೇಕು. ಬಚ್ಚಲ ಕೆಂಡದ ನೆನಪು ಆಗಲೇ ಆಗಬೇಕು: ಬಚ್ಚಲಿನ ಒಳಬಾಗಿಲು ಮುಚ್ಚಬೇಕು, ಅತ್ತ ವಾಸನೆ ಇನ್ನೂ ಹೋಗಿಲ್ಲವಾದರೆ ಮಾತ್ರ ಹೊರಗಿನಿಂದ ಹೋಗಿ ನೀರು ಸುರಿಯಬೇಕು. ರೆಗ್ಯುಲೇಟರ್ ಮುಚ್ಚಿದ ಮೇಲೂ ಸುಯ್ಯೆಂಬ ಸದ್ದು ನಿಲ್ಲದಿದ್ದರೆ ಅದನ್ನು ಕಳಚಬೇಕು, ಕಳಚಿದ ಕೂಡಲೇ ವಾಲ್ವ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಆಗಲೂ ಸೋರಿದರೆ ನೈಲಾನ್ ದಾರದಲ್ಲಿ ಕಟ್ಟಿರುವ ಸುರಕ್ಷಾ ಮುಚ್ಚಳವನ್ನು ಒತ್ತಿ ಹಾಕಬೇಕು. ಮನೆ ಮನೆಯಲ್ಲೂ ಮೊದಲ ದಿನವೇ ಕತ್ತರಿಸಿ ಎಸೆಯುವ ಆ ಮುಚ್ಚಳ ಇಂಥ ಹೊತ್ತಿಗೆಂದೇ ಇರುವುದು. ನಂತರ ಸಿಲಿಂಡರನ್ನು ನೆಟ್ಟಗೆ ಹಿಡಿದು ಅಂಗಳಕ್ಕೆ, ಬಾವಿ, ಚರಂಡಿ, ಹಟ್ಟಿಗಳಿಂದ ದೂರ ಒಯ್ದಿಡಬೇಕು. ಮಲಗಿಸಿದರೆ ಅನಿಲದ ಬದಲು ದ್ರವವೇ ಹೊರಬರುತ್ತದೆ, ಇನ್ನೂರೈವತ್ತು ಪಟ್ಟು ಹಿಗ್ಗುವುದು ಅದೇ. ಸೋರಿಕೆ ಜೋರಾಗಿದ್ದು ಕೈಯಿಡಲಾಗದಂತಿದ್ದರೆ ಮುಟ್ಟದೆ ಮನೆ ಬಿಡುವುದೇ ಸರಿ. ಹೊರಬಂದು, ದೂರ ನಿಂತು, 1906ಕ್ಕೆ ಕರೆ ಮಾಡಬೇಕು; ಗ್ಯಾಸ್ ಸೋರಿಕೆಗೆಂದೇ 2016ರ ಜನವರಿ 1ರಿಂದ ಹಗಲುರಾತ್ರಿ ನಡೆಯುತ್ತಿರುವ ಸಂಖ್ಯೆ ಅದು. ಬೆಂಕಿಯೇ ಹೊತ್ತಿದ್ದರೆ 101 ಅಥವಾ 112. ಒಂದು ಸೂಕ್ಷ್ಮ ಇಲ್ಲಿದೆ: ಹೋಸಿನ ತುದಿಯಲ್ಲಿ ಜ್ವಾಲೆ ಎದ್ದಿದ್ದರೆ ಅದನ್ನು ಆರಿಸುವುದಕ್ಕಿಂತ ಗ್ಯಾಸು ನಿಲ್ಲಿಸುವುದು ಮುಖ್ಯ. ಜ್ವಾಲೆ ಆರಿ ಗ್ಯಾಸು ಹರಿಯುತ್ತಲೇ ಇದ್ದರೆ ಅಪಾಯ ಹೆಚ್ಚುತ್ತದೆ. ರೆಗ್ಯುಲೇಟರಿಗೆ ಕೈ ಎಟುಕುವಂತಿದ್ದರೆ ಒದ್ದೆ ಗೋಣಿ ಕೈಗೆ ಸುತ್ತಿ ಮುಚ್ಚಬಹುದು, ಎಟುಕದಿದ್ದರೆ ಹೊರಡಬೇಕು.

ಜನರಿಗೆ ಇಷ್ಟೆಲ್ಲ ಹೇಳಿಕೊಟ್ಟರೆ ಅವರು ಮೆಕ್ಯಾನಿಕ್‌ನನ್ನು ಕರೆಯುವುದನ್ನೇ ಬಿಟ್ಟಾರು, ಅರೆಬರೆ ತಿಳಿವಳಿಕೆ ಹೆಚ್ಚು ಅಪಾಯ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಸೈಕಲ್ ಟ್ಯೂಬು ಸುತ್ತುವವರು ಇಂದು ಏನನ್ನೂ ಕಲಿಯದೆಯೇ ಸುತ್ತುತ್ತಿದ್ದಾರೆ. ಮೆಕ್ಯಾನಿಕ್ ಬರುವುದು ನಾಳೆಯೋ ನಾಡಿದ್ದೋ ಎಂಬಲ್ಲಿ ಬರಿಯ ಮುಟ್ಟಬೇಡಿ ಎಂಬ ನಿಷೇಧ ಸಂಜೆಯ ಅಡುಗೆಯ ಮುಂದೆ ನಿಲ್ಲುವುದಿಲ್ಲ. ಯಾವುದನ್ನು ಮುಟ್ಟಬಹುದು, ಯಾವುದನ್ನು ಯಾಕೆ ಮುಟ್ಟಬಾರದು ಎಂದು ಕಾರಣ ಸಹಿತ ತಿಳಿದವರೇ ನಿಷೇಧವನ್ನು ಪಾಲಿಸುವುದು. ಇನ್ನೊಂದು ಆಕ್ಷೇಪ ನನ್ನ ಮಟ್ಟಿಗೆ ಇದಕ್ಕಿಂತ ತೂಕದ್ದು: ಗ್ಯಾಸಿನ ಭಯ ಬಿತ್ತಿದರೆ ಹೆಂಗಸರು ಮತ್ತೆ ಹೊಗೆಯ ಒಲೆಗೆ ಮರಳುತ್ತಾರೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಸಾವುಗಳಾದವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆ ಲೆಕ್ಕದ ಮುಂದೆ ಗ್ಯಾಸಿನ ಅಪಾಯ ಚಿಕ್ಕದೇ. ಅದಕ್ಕಾಗಿಯೇ ಭಯದ ಬದಲು ಕೈಯಲ್ಲಿ ಹಿಡಿತ ಬೇಕೆನ್ನುವುದು. ಒಂದು ಸೋರಿಕೆಯನ್ನು ತಾನೇ ನಿಲ್ಲಿಸಬಲ್ಲೆ ಎಂದು ಗೊತ್ತಿರುವವಳು ಗ್ಯಾಸಿಗೆ ಹೆದರುವುದಿಲ್ಲ.

ಎಚ್ಚರಿಕೆ ಕೂಗುವ ಯಂತ್ರ ಹಾಕಿಸಿಬಿಟ್ಟರೆ ಸಾಲದೇ ಎನ್ನುವವರಿಗೂ ಉತ್ತರ ಬೇಕು. ಹಿರಿಯರಷ್ಟೇ ಇರುವ ಮನೆಗೆ ಅದು ನಿಜಕ್ಕೂ ಉಪಯೋಗಿ. ಆದರೆ ಸಿಲಿಂಡರಿನ ಗ್ಯಾಸಿಗೆ ಅದನ್ನು ನೆಲದಿಂದ ಒಂದಡಿಯೊಳಗೆ ಕೂರಿಸಬೇಕು. ಕರೆಂಟು ಗಂಟೆಗಟ್ಟಲೆ ಇಲ್ಲದ ಮಳೆಗಾಲದಲ್ಲಿ ಬ್ಯಾಟರಿ ಇಲ್ಲದ ಯಂತ್ರ ಗೋಡೆಯ ಅಲಂಕಾರ ಮಾತ್ರ. ಅದರ ಸಂವೇದಕಕ್ಕೂ ಆಯುಷ್ಯವಿದೆ. ಇನ್ನು ನಮ್ಮ ಕಡೆ ಹಟ್ಟಿಯ ಹಿಂದೆ ಗೋಬರ್ ಗ್ಯಾಸ್ ಗುಂಡಿ ಇರುವ ಮನೆಗಳು ಕಡಿಮೆಯಲ್ಲ, ಅಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಗೋಬರ್ ಗ್ಯಾಸಿನ ಉರಿಯುವ ಅಂಶ ಮೀಥೇನ್, ಅದು ಗಾಳಿಗಿಂತ ಹಗುರ, ಮೇಲಕ್ಕೆ ಏರಿ ಮಾಡಿನ ಕೆಳಗೆ ನಿಲ್ಲುತ್ತದೆ. ಮಂಗಳೂರಿನಲ್ಲಿ ಈಗ ಮನೆಗಳಿಗೆ ಬರುತ್ತಿರುವ ಕೊಳವೆ ಅನಿಲವೂ ಅದೇ ಜಾತಿಯದು. ಕೊಚ್ಚಿ–ಮಂಗಳೂರು ಕೊಳವೆ ಮಾರ್ಗ ಉದ್ಘಾಟನೆಯಾದದ್ದು 2021ರ ಜನವರಿ 5ರಂದು. ಎರಡೂ ಬಗೆಯ ಗ್ಯಾಸು ಇರುವ ಅಡುಗೆಮನೆಗೆ ಕೆಳಗೊಂದು, ಮೇಲೊಂದು ಗಾಳಿಕಿಂಡಿ ಬೇಕು. ಒಂದೇ ಯಂತ್ರ ಎರಡನ್ನೂ ಕಾಯುತ್ತದೆಂಬ ಭ್ರಮೆ ಬೇಡ. ಗೋಬರ್ ಗ್ಯಾಸಿನ ಪೈಪಿಗೂ ನೊರೆಯ ಪರೀಕ್ಷೆಯೇ ಸಾಕು. ಗುಂಡಿಯೊಳಗೆ ಮಾತ್ರ ಯಾವ ಕಾರಣಕ್ಕೂ ಮನೆಯವರು ಇಳಿಯಬಾರದು, ಅಲ್ಲಿ ಉಸಿರಾಡುವ ಗಾಳಿಯೇ ಇರುವುದಿಲ್ಲ.

ವಿಮೆಯ ಮಾತನ್ನೂ ಹೇಳಬೇಕು, ಏಕೆಂದರೆ ಗ್ರಾಹಕರಲ್ಲಿ ಬಹಳ ಮಂದಿಗೆ ಅದು ಇದೆಯೆಂದೇ ತಿಳಿದಿಲ್ಲ. ನೋಂದಾಯಿತ ಮನೆಯಲ್ಲಿ ಗ್ಯಾಸಿನಿಂದ ಅಪಘಾತವಾದರೆ ತೈಲ ಕಂಪನಿಗಳು ಮಾಡಿಸಿರುವ ಸಾರ್ವಜನಿಕ ಹೊಣೆ ವಿಮೆ ಅನ್ವಯಿಸುತ್ತದೆ, ಗ್ರಾಹಕರು ಪ್ರತ್ಯೇಕ ಕಂತು ಕಟ್ಟಬೇಕಿಲ್ಲ. ಇತ್ತೀಚಿನ ವರ್ಷಗಳ ಪಾಲಿಸಿಯಂತೆ ಸಾವು ಸಂಭವಿಸಿದರೆ ಒಬ್ಬರಿಗೆ 6 ಲಕ್ಷ ರೂಪಾಯಿ ಪರಿಹಾರ, ಚಿಕಿತ್ಸೆಗೂ ಆಸ್ತಿ ನಷ್ಟಕ್ಕೂ ಬೇರೆ ಮಿತಿಗಳು. ತಡಮಾಡದೆ ವಿತರಕರಿಗೂ ಪೊಲೀಸರಿಗೂ ತಿಳಿಸಿರಬೇಕು. ಐಎಸ್‌ಐ ಗುರುತಿಲ್ಲದ ಪೈಪು, ತೇಪೆ ಹಾಕಿದ ರೆಗ್ಯುಲೇಟರ್ ಸ್ಥಳದಲ್ಲಿ ಸಿಕ್ಕರೆ ಹಕ್ಕು ವಿವಾದಕ್ಕೆ ಬೀಳುತ್ತದೆ.

ಉಳಿದಿರುವುದು ಊರಿನ ಪಾಲು. ಕಡಬದಂಥ ತಾಲ್ಲೂಕಿನಲ್ಲಿ ಇದಕ್ಕೆ ಹೊಸ ಇಲಾಖೆ ಬೇಕಿಲ್ಲ. ಸ್ವಸಹಾಯ ಸಂಘಗಳು ಪ್ರತಿ ವಾರ ಸೇರುತ್ತವೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಈ ಜಿಲ್ಲೆಯಲ್ಲಿ 1982ರಿಂದ ಕೆಲಸ ಮಾಡುತ್ತಿದೆ, ಸಂಜೀವಿನಿ ಒಕ್ಕೂಟಗಳಿವೆ. ಅಡಿಕೆ ಬೆಳೆಗಾರರ ಸಾಲ, ಗೊಬ್ಬರ ಎಲ್ಲವೂ ಹಾದುಹೋಗುವ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿವೆ. ನೆಟ್ಟಣದ ಬಳಿಯ ಕಿದುವಿನ ತೆಂಗು ಸಂಶೋಧನಾ ಕೇಂದ್ರಕ್ಕೆ ಸಸಿಗಾಗಿ, ತರಬೇತಿಗಾಗಿ ರೈತರು ಬಂದೇ ಬರುತ್ತಾರೆ. ಸಹಕಾರ ಸಂಘದ ಕೌಂಟರಿನಲ್ಲಿ ಸುರಕ್ಷಾ ಹೋಸು ಸಿಗುವಂತಾಗಲಿ. ಪ್ರತಿ ವಾರ್ಡಿನ ಇಬ್ಬರು ಹೆಂಗಸರಿಗೆ ವಿತರಕರೇ ಹೋಸು ಬದಲಿಸುವ, ನೊರೆ ಪರೀಕ್ಷೆ ಮಾಡುವ ತರಬೇತಿ ಕೊಟ್ಟು ಗುರುತಿನ ಚೀಟಿ ನೀಡಲಿ. ಗ್ಯಾಸಿನ ವಾಹನದಲ್ಲಿ ತೂಕದ ಯಂತ್ರವೂ ವಾಷರಿನ ಡಬ್ಬಿಯೂ ಇರಲೇಬೇಕೆಂದು ಗ್ರಾಮಸಭೆ ಠರಾವು ಮಾಡಲಿ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ, ಉಜ್ವಲಾ ಮನೆಗಳ ಹೋಸುಗಳನ್ನೆಲ್ಲ ಒಮ್ಮೆ ನೋಡಿ ಅವಧಿ ಮುಗಿದವನ್ನು ಪಂಚಾಯಿತಿಯ ಖರ್ಚಿನಲ್ಲಿ ಬದಲಿಸಲಿ. ಇದಕ್ಕೆ ತಗಲುವ ಹಣ ಗ್ರಾಮದ ಒಂದು ಮೋರಿಯ ಕಾಮಗಾರಿಗಿಂತ ಹೆಚ್ಚಾಗದು.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯ ಗ್ಯಾಸ್ ಹೋಸಿನ ಮೇಲೆ ಅಚ್ಚಾಗಿರುವ ತಿಂಗಳು, ವರ್ಷವನ್ನು ಇವತ್ತೇ ಓದಿ ನೋಡಿ. ಐದು ವರ್ಷ ದಾಟಿದ್ದರೆ, ಅಥವಾ ಅಚ್ಚು ಓದಲಾಗದಷ್ಟು ಮಾಸಿದ್ದರೆ, ಮುಂದಿನ ಸಿಲಿಂಡರ್ ಬರುವವರೆಗೆ ಕಾಯದೆ ಬದಲಿಸಿಕೊಳ್ಳಿ.